ಕೇಪ್ ಮೆಕ್ಲಿಯರ್‌ನ ಸ್ನಾರ್ಕೆಲ್ ದೋಣಿ: ಬಂಡೆ ಸಾಕು, ಮರಳಿಗೆ ಕರೆದುಕೊಂಡು ಹೋಗಿ ಅನ್ನಿ

ಆಫ್ರಿಕಾದ ಮಲಾವಿ ಸರೋವರದ ದಕ್ಷಿಣ ತುದಿಯಲ್ಲಿ ಕೇಪ್ ಮೆಕ್ಲಿಯರ್ ಅಂತ ಒಂದು ಜಾಗ ಇದೆ. ಅಲ್ಲಿನ ಚೆಂಬೆ ಹಳ್ಳಿಯ ದಂಡೆಯಲ್ಲಿ ಊರಿನ ಗೈಡ್‌ಗಳು ದೋಣಿ ಇಟ್ಟುಕೊಂಡು ಸ್ನಾರ್ಕೆಲ್ ಟ್ರಿಪ್, ಅಂದರೆ ಉಸಿರುಕೊಳವೆ ಬಾಯಲ್ಲಿಟ್ಟು ನೀರ ಮೇಲೆ ತೇಲುತ್ತಾ ಕೆಳಗಿನ ಮೀನು ನೋಡುವ ಟ್ರಿಪ್, ಮಾಡಿಸುತ್ತಾರೆ. ದೋಣಿ, ಮಾಸ್ಕ್, ಫಿನ್, ಮಧ್ಯಾಹ್ನದ ಊಟ ಎಲ್ಲಾ ಅವರದೇ. ಮೀನಿನ ಹುಚ್ಚು ಇರುವವರು ಒಂದು ಸಲವಾದರೂ ಹೋಗಬೇಕು. ಆದರೆ ಎಲ್ಲರಿಗೂ ಮಾಡಿಸುವ ಮಾಮೂಲಿ ಟ್ರಿಪ್ ತೆಗೆದುಕೊಂಡರೆ ಆ ಸರೋವರದ ಅತಿ ವಿಶೇಷದ ಬೇಟೆಗಾರ ಕಣ್ಣಿಗೆ ಬೀಳುವುದು ಕಷ್ಟ. ಅದಕ್ಕೆ ದೋಣಿ ಹತ್ತುವ ಮೊದಲೇ ಗೈಡ್ ಹತ್ತಿರ ಮಾತಾಡಬೇಕು.

ಆ ಬೇಟೆಗಾರನ ಹೆಸರು ನಿಂಬೋಕ್ರೊಮಿಸ್ ಲಿವಿಂಗ್‌ಸ್ಟೋನಿ. ಅಕ್ವೇರಿಯಂ ಅಂಗಡಿಗಳಲ್ಲಿ ಬರೀ ಲಿವಿಂಗ್‌ಸ್ಟೋನಿ ಅಂತಾರೆ. ಇಲ್ಲಿನ ಜನ ಕಲಿಂಗೊನೊ ಅಂತಾರೆ. ಇದು ಸತ್ತ ಹಾಗೆ ಮಲಗಿ, ಕಚ್ಚಲು ಬಂದ ಪುಟ್ಟ ಮೀನನ್ನು ನುಂಗುವ, ಸಿಕ್ಲಿಡ್ ಅನ್ನುವ ಕುಟುಂಬದ ಮೀನು.

ನನ್ನ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಇಷ್ಟು ದೂರ ಯಾಕೆ ಹೋದೆ ಅನ್ನೋದು ಅರ್ಥ ಆಗುವುದಿಲ್ಲ. ನಾನು ಸುಬ್ರಹ್ಮಣ್ಯದ ಕಡೆಯವನು. ಬೆಂಗಳೂರಲ್ಲಿದ್ದಾಗ ಹಾಲ್‌ನಲ್ಲಿ ದೊಡ್ಡ ತೊಟ್ಟಿ ಇಟ್ಟು ಮಲಾವಿ ಸಿಕ್ಲಿಡ್ ಸಾಕುತ್ತಿದ್ದೆ. ಈಗ ಮಲಾವಿಯ ಬ್ಲಾಂಟೈರ್ ನಗರದಲ್ಲಿ ಒಂದು ಔಷಧಿ ಕಂಪನಿಯ ಲೆಕ್ಕಪತ್ರ ನೋಡುತ್ತೇನೆ. ಬ್ಲಾಂಟೈರ್‌ನಿಂದ ಜೋಂಬಾ, ಲಿವೋಂಡೆ, ಮಂಗೋಚಿ ದಾಟಿ ಮಂಕಿ ಬೇ ತಲುಪಿದರೆ ಅಲ್ಲಿಂದ ಗುಡ್ಡ ಹತ್ತಿ ಇಳಿದು ಕೇಪ್ ಮೆಕ್ಲಿಯರ್. ಬೆಳಗ್ಗೆ ಬೇಗ ಹೊರಟರೆ ಮಧ್ಯಾಹ್ನದ ಊಟಕ್ಕೆ ಸರೋವರದ ಎದುರು ಕೂತಿರಬಹುದು. ಹೆಂಡತಿ, ಒಂಬತ್ತು ವರ್ಷದ ಮಗ ಇಬ್ಬರೂ ಜೊತೆಗೆ ಬರುತ್ತಾರೆ.

ಸಿಕ್ಲಿಡ್ ಅಂದರೆ ನಮಗೆ ಹೊಸದೇನಲ್ಲ. ನಮ್ಮ ಕೆರೆಗಳಲ್ಲಿ ಸಿಗುವ ಜಿಲೇಬಿ ಮೀನು ಇದೇ ಕುಟುಂಬದ್ದು, ಆಫ್ರಿಕಾದಿಂದ ತಂದು ಬಿಟ್ಟದ್ದು. ಭಾರತದ ಸ್ವಂತ ಸಿಕ್ಲಿಡ್‌ಗಳು ಮೂರೇ ಮೂರು. ಅದರಲ್ಲಿ ಕರಿಮೀನು ಎಲ್ಲರಿಗೂ ಗೊತ್ತು. ಇನ್ನೊಂದು ಎಟ್ರೋಪ್ಲಸ್ ಕೆನರೆನ್ಸಿಸ್. ಫ್ರಾನ್ಸಿಸ್ ಡೇ 1877ರಲ್ಲಿ ಇದನ್ನು ವಿವರಿಸಿ ಹೆಸರಿಟ್ಟರು, ಹೆಸರಲ್ಲೇ ನಮ್ಮ ಕೆನರಾ ಇದೆ. ನಮ್ಮ ಕುಮಾರಧಾರಾ ಹೊಳೆಯಲ್ಲಿ ಅದು ಇದೆ ಅಂತ ನನಗೆ ಗೊತ್ತಾದದ್ದು ಬೆಂಗಳೂರಲ್ಲಿ ತೊಟ್ಟಿ ಇಟ್ಟ ಮೇಲೆ. ಆದರೆ ಒಂದೇ ನೀರಿನಲ್ಲಿ ನೂರಾರು ಜಾತಿ ಸಿಕ್ಲಿಡ್ ನೋಡಬೇಕು ಅಂದರೆ ಪೂರ್ವ ಆಫ್ರಿಕಾದ ದೊಡ್ಡ ಸರೋವರಗಳಿಗೇ ಬರಬೇಕು.

ಮಲಾವಿ ಸರೋವರ ಸುಮಾರು 29,600 ಚದರ ಕಿ.ಮೀ. ಇದೆ. ಅತಿ ಆಳದ ಕಡೆ ಸುಮಾರು 700 ಮೀಟರ್. ಇದರಲ್ಲಿರುವ ಸಿಕ್ಲಿಡ್ ಜಾತಿಗಳನ್ನು 800ರಿಂದ 1,000 ಅಂತ ಅಂದಾಜು ಮಾಡುತ್ತಾರೆ. ಹೆಚ್ಚುಕಡಿಮೆ ಎಲ್ಲವೂ ಇಲ್ಲೇ ಹುಟ್ಟಿದವು, ಬೇರೆಲ್ಲೂ ಇಲ್ಲ. ಕೇಪ್ ಮೆಕ್ಲಿಯರ್ ಸುತ್ತಲಿನ ನೀರು, ಗುಡ್ಡ, ದ್ವೀಪಗಳನ್ನು ಸೇರಿಸಿ 1980ರಲ್ಲಿ ರಾಷ್ಟ್ರೀಯ ಉದ್ಯಾನ ಮಾಡಿದರು. 1984ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆನೆಗೂ ಅಲ್ಲ, ಸಿಂಹಕ್ಕೂ ಅಲ್ಲ, ಸಿಹಿನೀರಿನ ಮೀನಿಗಾಗಿ ಮಾಡಿದ ಉದ್ಯಾನ. ನನಗೆ ಅದು ತುಂಬಾ ದೊಡ್ಡ ವಿಷಯ ಅನಿಸುತ್ತದೆ.

ಈಗ ಟ್ರಿಪ್ ವಿಷಯಕ್ಕೆ ಬರುತ್ತೇನೆ. ದಂಡೆಗೆ ಕಾಲಿಟ್ಟ ತಕ್ಷಣ ನಾಲ್ಕೈದು ಹುಡುಗರು ಸುತ್ತುವರಿಯುತ್ತಾರೆ. ಇದಕ್ಕೆ ಗಾಬರಿ ಬೇಡ. ಗುರುತಿನ ಚೀಟಿ ಇರುವ ಗೈಡ್ ಯಾರು ಅಂತ ಕೇಳಿ, ಚೀಟಿ ನೋಡಿ, ಆಮೇಲೆ ಮಾತಾಡಿ. ನಮ್ಮ ಗೈಡ್‌ನ ದೋಣಿಗೆ ಬೋರ್ಡೂ ಇಲ್ಲ, ವೆಬ್‌ಸೈಟೂ ಇಲ್ಲ. ಉಳಿದುಕೊಂಡಿದ್ದ ಲಾಡ್ಜ್‌ನ ಅಡುಗೆಯವರು ಹೇಳಿ ಕಳಿಸಿದ್ದರು. ಮಾಮೂಲಿ ಟ್ರಿಪ್‌ನಲ್ಲಿ ಮೂರು ವಿಷಯ ಇರುತ್ತದೆ. ಆಟರ್ ಪಾಯಿಂಟ್ ಅಥವಾ ಥುಂಬಿ ವೆಸ್ಟ್ ದ್ವೀಪದ ಬಂಡೆಗಳ ಹತ್ತಿರ ಸ್ನಾರ್ಕೆಲ್, ದಂಡೆಯಲ್ಲಿ ಇದ್ದಿಲ ಮೇಲೆ ಸುಟ್ಟ ಮೀನಿನ ಊಟ, ವಾಪಸ್ ಬರುವಾಗ ಮೀನು ಹದ್ದಿಗೆ ಶಿಳ್ಳೆ ಹಾಕಿ ಮೀನು ಎಸೆಯುವುದು.

ಬಂಡೆಗಳ ಹತ್ತಿರ ಕಾಣುವುದು ಎಂಬೂನಾ ಮೀನುಗಳು. ನೀಲಿ, ಹಳದಿ, ಕಪ್ಪು ಪಟ್ಟೆ, ಎಲ್ಲಾ ಬೆರಳುದ್ದ, ಗೇಣುದ್ದ. ಮುಖ ನೀರಿಗಿಟ್ಟ ತಕ್ಷಣ ಬೆಂಗಳೂರಿನ ಅಷ್ಟೂ ಅಂಗಡಿಗಳ ತೊಟ್ಟಿ ಒಡೆದು ಇಲ್ಲಿ ಸುರಿದಿದ್ದಾರೇನೋ ಅನ್ನುವಷ್ಟು ಬಣ್ಣ. ಮಗನಂತೂ ಸ್ನಾರ್ಕೆಲ್ ಬಾಯಲ್ಲಿ ಇಟ್ಟುಕೊಂಡೇ ಕೂಗುತ್ತಿದ್ದ. ಬಂಡೆಯ ಪಾಚಿ ಕೆರೆದು ತಿನ್ನುತ್ತಾ, ತನ್ನ ಅಂಗೈಯಷ್ಟು ಜಾಗಕ್ಕೆ ಜಗಳ ಆಡುತ್ತಾ ಇರುತ್ತವೆ. ನೋಡಲು ಚೆಂದ, ಅದರಲ್ಲಿ ಎರಡು ಮಾತಿಲ್ಲ. ಥುಂಬಿ ವೆಸ್ಟ್‌ನಲ್ಲಿ ಕಾಣುವ ಕೆಲವು ಜಾತಿಗಳು ಅಲ್ಲಿನವೇ ಅಲ್ಲ, ಅಕ್ವೇರಿಯಂ ವ್ಯಾಪಾರದ ಕಾಲದಲ್ಲಿ ಸರೋವರದ ಬೇರೆ ಕಡೆಯಿಂದ ತಂದು ಬಿಟ್ಟವು. ಇದನ್ನು ನಮ್ಮ ಗೈಡ್ ತಾನಾಗಿಯೇ ಹೇಳಿದರು. ಅಲ್ಲೇ ನನಗೆ ಈ ಮನುಷ್ಯನಿಗೆ ವಿಷಯ ಗೊತ್ತು ಅನಿಸಿತು.

ಹೆಚ್ಚಿನ ದೋಣಿಗಳು ಇಲ್ಲಿಗೇ ನಿಲ್ಲುತ್ತವೆ. ಬ್ರೆಡ್ ಚೂರು ಎಸೆಯುತ್ತಾರೆ, ಮೀನು ಮುತ್ತಿಕೊಳ್ಳುತ್ತದೆ, ಫೋಟೋ ಆಗುತ್ತದೆ, ಊಟಕ್ಕೆ ಹೋಗುತ್ತಾರೆ. ಬ್ರೆಡ್ ಬೇಡ ಅಂತ ಮೊದಲೇ ಹೇಳಿ. ಪಾಚಿ ತಿನ್ನುವ ಮೀನಿಗೆ ಮೈದಾ ಹಾಕುವುದು ಒಳ್ಳೆಯದಲ್ಲ. ತಿಂಡಿಗೆ ಮುತ್ತಿಕೊಂಡ ಮೀನನ್ನು ನೋಡಿದರೆ ಅದು ಬದುಕುವ ರೀತಿ ಕಾಣುವುದೂ ಇಲ್ಲ.

ನಾನು ಗೈಡ್‌ಗೆ ಕಲಿಂಗೊನೊ ನೋಡಬೇಕು ಅಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು. "ಬಾಸ್, ಅದಕ್ಕೆ ಕಾಯಬೇಕು. ಮೇಡಂಗೂ ಮಗುವಿಗೂ ಬೇಜಾರಾಗಬಹುದು" ಅಂದರು. ನಾವು ಕಾಯುತ್ತೇವೆ ಅಂದೆವು. ದೋಣಿಯನ್ನು ದ್ವೀಪದ ಆ ಬದಿಗೆ, ಬಂಡೆಗಳು ಮುಗಿದು ಮರಳು ಶುರುವಾಗುವ ಜಾಗಕ್ಕೆ ತಂದು ಎಂಜಿನ್ ನಿಲ್ಲಿಸಿದರು. ಆಳ ಜಾಸ್ತಿ ಇಲ್ಲ, ಎರಡಾಳು. ಕೆಳಗೆ ತಿಳಿ ಮರಳು, ಅಲ್ಲಲ್ಲಿ ರಿಬ್ಬನ್ ಥರ ಉದ್ದ ಎಲೆಯ ವ್ಯಾಲಿಸ್ನೇರಿಯಾ ಗಿಡಗಳು. ಈ ಮೀನು ಓಡಾಡುವುದು ಇಂಥ ಕಡೆ.

ಮೊದಲು ನೋಡಿದವರಿಗೆ ಖಾಲಿ ಜಾಗ ಅನಿಸುತ್ತದೆ. ಗೈಡ್ ಹೇಳಿದ್ದು ಇಷ್ಟೇ: ಕಾಲು ಬಡಿಯಬೇಡಿ, ಕೈ ತೋರಿಸಬೇಡಿ, ಸುಮ್ನೆ ತೇಲಿ. ಅವರೂ ನಮ್ಮ ಪಕ್ಕ ತೇಲುತ್ತಾ ಇದ್ದರು. ಸ್ವಲ್ಪ ಹೊತ್ತಿಗೆ ಮರಳು ಖಾಲಿ ಅಲ್ಲ ಅಂತ ಗೊತ್ತಾಯಿತು. ಮರಳಿನ ಬಣ್ಣದ್ದೇ ಪುಟ್ಟ ಮೀನುಗಳು ಬಾಯಿ ತುಂಬ ಮರಳು ತುಂಬಿಕೊಂಡು, ಜರಡಿ ಹಿಡಿದು, ಕಿವಿರಿನಿಂದ ಹೊರಗೆ ಬಿಡುತ್ತಿದ್ದವು. ಗಂಡು ಮೀನುಗಳು ಮರಳು ಗುಡ್ಡೆ ಹಾಕಿ ಅದರ ಮೇಲೆ ಹೆಣ್ಣಿಗಾಗಿ ಕುಣಿಯುತ್ತಿದ್ದವು. ಗಿಡಗಳ ಸಂದಿಯಲ್ಲಿ ಮರಿಗಳ ಗುಂಪು.

ಆಮೇಲೆ ಅದು ಬಂತು. ಗೇಣಿಗಿಂತ ಸ್ವಲ್ಪ ಉದ್ದ. ಈ ಜಾತಿ ದೊಡ್ಡದಾದರೆ ಸುಮಾರು 25 ಸೆಂಟಿಮೀಟರ್ ಆಗುತ್ತದೆ. ಬಿಳಿಚು ಮೈ, ಅದರ ಮೇಲೆ ಕಂದು ಬಣ್ಣದ ದೊಡ್ಡ ದೊಡ್ಡ ಕಲೆಗಳು, ಅಂಚು ಸರಿಯಾಗಿಲ್ಲದ ಕಲೆಗಳು. ಅಂಗಡಿಯಲ್ಲಿ ಇದನ್ನು ನೋಡಿದಾಗ ನನಗೆ ಒಳ್ಳೆಯ ವಿನ್ಯಾಸ ಅಂತ ಮಾತ್ರ ಅನಿಸಿತ್ತು. ಮರಳಿನ ಮೇಲೆ ನೋಡಿದರೆ ಬೇರೆಯೇ. ಅದು ಗಿಡದ ಅಂಚಿಗೆ ಬಂದು ನಿಧಾನ ಮಾಡಿತು. ಈಜು ನಿಲ್ಲಿಸಿತು. ತಳಕ್ಕೆ ಇಳಿದು ಒಂದು ಬದಿಗೆ ವಾಲಿ ಮಲಗಿಬಿಟ್ಟಿತು. ರೆಕ್ಕೆ ಆಡುತ್ತಿಲ್ಲ. ಮೇಲಿನಿಂದ ನೋಡಿದರೆ ಕೊಳೆಯಲು ಶುರುವಾದ ಮೀನೇ. ಆ ಕಂದು ಕಲೆಗಳು ಚರ್ಮ ಕೊಳೆತ ಜಾಗಗಳ ಹಾಗೇ ಕಂಡವು.

ಮಗ ನನ್ನ ಕೈ ಹಿಡಿದು ಜಗ್ಗಿದ. ಗೈಡ್ ಬಾಯಿಗೆ ಬೆರಳಿಟ್ಟು ತೋರಿಸಿದರು. ಎಷ್ಟು ಹೊತ್ತು ಹಾಗೇ ಇತ್ತೋ, ನನಗಂತೂ ಬೆನ್ನು ಸುಡಲು ಶುರುವಾಗಿತ್ತು. ಮೊದಲು ಒಂದು ಪುಟ್ಟ ಮೀನು ಬಂದು ದೂರದಲ್ಲೇ ತಿರುಗಿತು. ಇನ್ನೆರಡು ಬಂದವು. ಸತ್ತ ಮೀನಿನ ಮಾಂಸ ಕಿತ್ತು ತಿನ್ನುವ ಅಭ್ಯಾಸ ಅವಕ್ಕಿದೆ. ಒಂದು ಹತ್ತಿರ ಹೋಗಿ ಮೈಗೆ ಬಾಯಿ ಹಾಕಿತು. ಅಷ್ಟೇ, ಕೆಳಗಿನಿಂದ ಮರಳು ಚಿಮ್ಮಿತು. ಬಿದ್ದಿದ್ದ ಮೀನು ಪಕ್ಕಕ್ಕೆ ಹೊರಳಿ ಎದ್ದಿತ್ತು. ಪುಟ್ಟ ಮೀನು ತಪ್ಪಿಸಿಕೊಂಡಿತು. ಬೇಟೆಗಾರ ನೆಟ್ಟಗಾಗಿ, ಏನೂ ಆಗಿಲ್ಲ ಅನ್ನುವ ಹಾಗೆ ಗಿಡಗಳ ಕಡೆ ಈಜಿ ಹೋಯಿತು.

ದೋಣಿಗೆ ಹತ್ತಿದ ಮೇಲೆ ಮಗ ಕೇಳಿದ ಮೊದಲ ಪ್ರಶ್ನೆ, "ಅಪ್ಪಾ, ಅದಕ್ಕೆ ಉಸಿರು ಬೇಡ್ವಾ?" ಅಂತ. ಕಿವಿರು ಆಡುತ್ತಿರುತ್ತದೆ, ಆದರೆ ನಾವು ಗಮನಿಸುವ ಹಾಗೆ ಆಡುವುದಿಲ್ಲ ಅಂತ ಗೈಡ್ ಅವನಿಗೆ ತಾಳ್ಮೆಯಿಂದ ಹೇಳಿದರು. ಹಿಡಿಯಲು ಆಗಲಿಲ್ಲ ಅಂತ ಮಗನಿಗೆ ಬೇಸರ. ಗೈಡ್‌ಗೆ ಅದೇನೂ ಹೊಸದಲ್ಲ, ಕೈ ತಪ್ಪಿ ಹೋಗುವ ಬೇಟೆ ಸಾಕಷ್ಟಿರುತ್ತದೆ ಅಂದರು.

ಈ ಬೇಟೆಯನ್ನು ವಿಜ್ಞಾನದ ಬರಹಕ್ಕೆ ತಂದವರು ಅಮೆರಿಕದ ಕೆನೆತ್ ಮೆಕೇ. ಇದೇ ಸರೋವರದಲ್ಲಿ ನೀರಿಗಿಳಿದು ನೋಡಿ 1981ರಲ್ಲಿ ಪ್ರಕಟಿಸಿದರು. ಮೀನು ಹೀಗೆ ಸತ್ತಂತೆ ನಟಿಸಿ ಬೇಟೆಯಾಡುವುದು ಅಪರೂಪದಲ್ಲಿ ಅಪರೂಪ. ಹೆದರಿದಾಗ ಸತ್ತ ಹಾಗೆ ಬೀಳುವ ಪ್ರಾಣಿಗಳು ಬೇಕಾದಷ್ಟಿವೆ, ಅಲ್ವಾ? ಬೇಟೆ ಹಿಡಿದು ತಿನ್ನಲು ಹಾಗೆ ಬೀಳುವವು ಬೆರಳೆಣಿಕೆ. ಮಧ್ಯ ಅಮೆರಿಕದ ಪ್ಯಾರಾಕ್ರೊಮಿಸ್ ಫ್ರೀಡ್ರಿಕ್‌ಸ್ಟಾಲಿ ಅನ್ನುವ ಇನ್ನೊಂದು ಸಿಕ್ಲಿಡ್‌ನಲ್ಲೂ ಇದೇ ತಂತ್ರ ಕಂಡಿದ್ದಾರೆ, 2005ರಲ್ಲಿ ಅದರ ಬಗ್ಗೆ ಪ್ರಬಂಧ ಬಂತು. ಒಂದು ಸಮುದ್ರದ ಆಚೆ, ಒಂದು ಈಚೆ. ಎರಡೂ ಬೇರೆ ಬೇರೆಯಾಗಿ ಇದೇ ದಾರಿ ಕಂಡುಕೊಂಡಿವೆ.

ಲಿವಿಂಗ್‌ಸ್ಟೋನಿಯ ಒಡಹುಟ್ಟುಗಳೂ ಕಡಿಮೆಯವಲ್ಲ. ನಿಂಬೋಕ್ರೊಮಿಸ್ ವೆನಸ್ಟಸ್, ಅಂಗಡಿಯಲ್ಲಿ ಜಿರಾಫೆ ಸಿಕ್ಲಿಡ್ ಅನ್ನುತ್ತಾರಲ್ಲ, ಅದು ಮರಳಿನಲ್ಲಿ ಮೈ ಹೂತುಕೊಂಡು ಕಾಯುತ್ತದೆ. ಪಾಲಿಸ್ಟಿಗ್ಮಾ ಗುಂಪಾಗಿಯೂ ಬೇಟೆಗೆ ಹೋಗುತ್ತದೆ. ಲಿನ್ನಿಗೆ ಕೆಳಮುಖವಾಗಿ ಚಾಚುವ ಉದ್ದ ಬಾಯಿ. ಬಂಡೆ ಸಂದಿನ ಮೇಲೆ ಮೂತಿ ಇಟ್ಟು ಅಲ್ಲಾಡದೆ ನಿಲ್ಲುತ್ತದೆ, ಒಳಗಿನ ಮರಿ ಹೊರಗೆ ಇಣುಕಿದರೆ ಬಾಯಿ ಚಾಚಿ ಎಳೆದುಕೊಳ್ಳುತ್ತದೆ. ಒಂದೇ ಮನೆಯ ಮೀನುಗಳು, ಒಂದೊಂದಕ್ಕೆ ಒಂದೊಂದು ಕಸುಬು. ಮಲಾವಿಯ ಇಷ್ಟೊಂದು ಸಿಕ್ಲಿಡ್‌ಗಳು ಕವಲೊಡೆದದ್ದು ಸುಮಾರು 8 ಲಕ್ಷ ವರ್ಷಗಳ ಒಳಗೆ ಅನ್ನುವ ಅಂದಾಜಿದೆ. ಭೂಮಿಯ ಲೆಕ್ಕದಲ್ಲಿ ಅದು ನಿನ್ನೆ ಮೊನ್ನೆ.

ಇಷ್ಟೊಂದು ಕಸುಬು ಹೇಗೆ ಸಾಧ್ಯ ಆಯಿತು ಅನ್ನುವುದಕ್ಕೆ ಗಂಟಲಲ್ಲಿ ಒಂದು ಉತ್ತರ ಇದೆ. ಸಿಕ್ಲಿಡ್‌ಗಳಿಗೆ ಎರಡು ಜೊತೆ ದವಡೆ. ಹೊರಗಿನದು ಹಿಡಿಯಲು, ಗಂಟಲ ಒಳಗಿನದು ಅಗಿಯಲು. ಅಗಿಯುವ ಕೆಲಸ ಒಳಗಿನ ದವಡೆ ನೋಡಿಕೊಳ್ಳುವುದರಿಂದ ಹೊರಗಿನ ಬಾಯಿ ಬೇಕಾದ ಆಕಾರಕ್ಕೆ ತಿರುಗಲು ಬಿಡುವು ಸಿಕ್ಕಿತು. ಕೆರೆಯುವ ಬಾಯಿ, ಜರಡಿ ಹಿಡಿಯುವ ಬಾಯಿ, ಚಾಚಿ ಸೆಳೆಯುವ ಬಾಯಿ, ಎಲ್ಲಾ ಅದರಿಂದಲೇ.

ಇಂಥ ಕಟುಕ ಮೀನಿನ ಹೆಣ್ಣು ತನ್ನ ಮರಿಗಳನ್ನು ಸಾಕುವುದು ಅದೇ ಬಾಯಲ್ಲಿ. ಗಂಡು ಮೀನು ಬೆದೆಗೆ ಬಂದಾಗ ಕಲೆಗಳೆಲ್ಲ ಮುಚ್ಚಿಹೋಗುವಷ್ಟು ಗಾಢ ನೀಲಿಯಾಗುತ್ತದೆ. ಹೆಣ್ಣು ಮೊಟ್ಟೆ ಇಟ್ಟು ತಕ್ಷಣ ಬಾಯಿಗೆ ತುಂಬಿಕೊಳ್ಳುತ್ತದೆ. ಸುಮಾರು ಮೂರು ವಾರ ಬಾಯಲ್ಲೇ ಕಾವು. ಮರಿ ಹೊರಗೆ ಬಿಟ್ಟ ಮೇಲೂ ಕಾಯುತ್ತದೆ, ಅಪಾಯ ಕಂಡರೆ ಬಾಯಿ ತೆರೆಯುತ್ತದೆ, ಮರಿಗಳು ಒಳಗೆ ನುಗ್ಗುತ್ತವೆ. ನಮ್ಮ ಕರಿಮೀನಿನ ಪದ್ಧತಿ ಬೇರೆ. ಅದು ಮೊಟ್ಟೆಯನ್ನು ಕಲ್ಲಿಗೋ ಮರದ ತುಂಡಿಗೋ ಅಂಟಿಸಿ, ಗಂಡು ಹೆಣ್ಣು ಎರಡೂ ಕಾವಲು ನಿಲ್ಲುತ್ತವೆ. ನನ್ನ ಹೆಂಡತಿಗೆ ಬೇಟೆಗಿಂತ ಇದೇ ಜಾಸ್ತಿ ಹಿಡಿಸಿತು. ಊಟದ ಹೊತ್ತಿನಲ್ಲಿ ಗೈಡ್ ಹತ್ತಿರ ಇದನ್ನೇ ಕೇಳಿ ಕೇಳಿ ತಿಳಿದುಕೊಂಡಳು.

ಊಟದ ಬಗ್ಗೆ ಹೇಳಬೇಕು. ಕೆಂಡದ ಮೇಲೆ ಸುಟ್ಟ ಕಂಪಾಂಗೊ, ಟೊಮೆಟೊ ಈರುಳ್ಳಿ ಗೊಜ್ಜು, ಅನ್ನ. ರುಚಿಗೆ ಕೊರತೆ ಇಲ್ಲ. ಆದರೆ ಕಂಪಾಂಗೊ ಅನ್ನುವ ಈ ದೊಡ್ಡ ಮೀಸೆ ಮೀನು ಸರೋವರದಲ್ಲಿ ತುಂಬಾ ಕಡಿಮೆಯಾಗಿದೆ. ಇಲ್ಲಿನವರು ಇಷ್ಟಪಟ್ಟು ತಿನ್ನುವ ಚಾಂಬೊ ಅನ್ನುವ ಮೀನಿನ ಕಥೆಯೂ ಅದೇ. ಕಂಪಾಂಗೊದ ಗಂಡು ಹೆಣ್ಣು ಗೂಡು ಮಾಡಿ ಮರಿ ಕಾಯುತ್ತವೆ, ತಾಯಿ ಮರಿಗಳಿಗೆ ತಿನ್ನಲೆಂದೇ ಮೊಟ್ಟೆ ಇಡುತ್ತದೆ. ಕೆಲವು ಸಿಕ್ಲಿಡ್‌ಗಳ ಮರಿಗಳೂ ಆ ಗೂಡಿನಲ್ಲೇ ಬೆಳೆಯುತ್ತವೆ. ಇದನ್ನೂ ಮೆಕೇ ಮತ್ತು ಜೊತೆಗಾರರೇ ಬರೆದಿಟ್ಟಿದ್ದಾರೆ. ಹಾಗಾಗಿ ಮುಂದಿನ ಸಲ ಉಸಿಪಾ ಮಾಡಿಕೊಡಿ ಅಂದೆ. ಬೆರಳುದ್ದದ ಬೆಳ್ಳಿ ಬಣ್ಣದ ಮೀನು, ಒಣಗಿಸಿ ಹುರಿದರೆ ನಮ್ಮ ಕಡೆಯವರಿಗೆ ಖಂಡಿತ ಇಷ್ಟ ಆಗುತ್ತದೆ. ನೀವೂ ಹಾಗೆ ಕೇಳಿದರೆ ಒಳ್ಳೆಯದು.

ಹದ್ದಿನ ಆಟ ನಾವು ಬೇಡ ಅಂದೆವು. ಶಿಳ್ಳೆ ಹಾಕಿ, ತೇಲುವ ಹಾಗೆ ಮೀನಿನೊಳಗೆ ಕಡ್ಡಿ ಸಿಕ್ಕಿಸಿ ಎಸೆಯುತ್ತಾರೆ, ಹದ್ದು ಬಂದು ಎತ್ತಿಕೊಂಡು ಹೋಗುತ್ತದೆ. ಹದ್ದು ಸುಂದರ, ಕಡ್ಡಿ ತಿನ್ನಿಸುವುದು ಸರಿ ಅಲ್ಲ. ಬೇಡ ಅಂದರೆ ಗೈಡ್ ಬೇಸರ ಮಾಡಿಕೊಳ್ಳಲಿಲ್ಲ. ಆ ಹೊತ್ತನ್ನು ಇನ್ನೊಂದು ಸಲ ಮರಳಿನ ಮೇಲೆ ಕಳೆದೆವು.

ಇನ್ನು ಕುಂದುಗಳು. ದೋಣಿಗೆ ಏಣಿ ಇಲ್ಲ. ನನಗೆ ಪರವಾಗಿಲ್ಲ, ಹೆಂಡತಿಯನ್ನು ನೀರಿಂದ ಮೇಲೆತ್ತಲು ಇಬ್ಬರು ಬೇಕಾಯಿತು, ಮೊಣಕೈ ತರಚಿತು. ಒಂದು ಹಗ್ಗದ ಏಣಿ ಕಟ್ಟಿದರೆ ಮುಗಿಯುವ ಕೆಲಸ. ಮಾಸ್ಕ್‌ಗಳು ಹಳೆಯವು, ಮೀಸೆ ಇರುವವರಿಗೆ ನೀರು ಒಳಗೆ ಬರುತ್ತದೆ. ಮಕ್ಕಳ ಅಳತೆಯ ಮಾಸ್ಕ್ ಇರಲೇ ಇಲ್ಲ, ನಾವು ತಂದಿದ್ದರಿಂದ ಬಚಾವಾದೆವು. ಲೈಫ್ ಜಾಕೆಟ್ ಇತ್ತು, ಮಗನಿಗೆ ಗೈಡೇ ಬಿಗಿಯಾಗಿ ಕಟ್ಟಿದರು. ಇದನ್ನು ಒತ್ತಿ ಹೇಳಲು ಕಾರಣ ಇದೆ. ಇದೇ ದಂಡೆಯಲ್ಲಿ ಇನ್ನೊಂದು ದೋಣಿಯವರು ನಮ್ಮನ್ನು ಜಾಕೆಟ್ ಇಲ್ಲದೆ ಹತ್ತಿಸಲು ನೋಡಿದ್ದರು. ಕೇಳಿದ್ದಕ್ಕೆ ಸರೋವರ ಶಾಂತವಾಗಿದೆ ಅನ್ನುವ ಉತ್ತರ ಬಂತು. ಇಲ್ಲಿ ಗಾಳಿ ಎದ್ದರೆ ಅರ್ಧ ಗಂಟೆಯಲ್ಲಿ ಆಳೆತ್ತರದ ಅಲೆ ಬರುತ್ತದೆ. ಜಾಕೆಟ್ ಕಣ್ಣಿಗೆ ಕಾಣದಿದ್ದರೆ ಹತ್ತಬೇಡಿ.

ದುಡ್ಡಿನ ವಿಷಯ. ಮೊದಲು ಡಾಲರ್‌ನಲ್ಲಿ ಹೇಳುತ್ತಾರೆ, ಮಲಾವಿಯ ದುಡ್ಡು ಕ್ವಾಚಾದಲ್ಲಿ ಮಾತಾಡಿ. ಕ್ವಾಚಾ ಬೆಲೆ ಬೇಗ ಬೇಗ ಬದಲಾಗುವುದರಿಂದ ನಾನು ಕೊಟ್ಟ ಮೊತ್ತ ಇಲ್ಲಿ ಬರೆದರೆ ನಿಮಗೆ ಉಪಯೋಗ ಇಲ್ಲ. ತಲೆಗೆ ಎಷ್ಟು, ಊಟ ಸೇರಿದೆಯಾ, ಉದ್ಯಾನದ ಶುಲ್ಕ ಸೇರಿದೆಯಾ, ಈ ಮೂರನ್ನು ಹೊರಡುವ ಮೊದಲು ಕೇಳಿ. ಉದ್ಯಾನದ ಶುಲ್ಕಕ್ಕೆ ರಸೀದಿ ತೆಗೆದುಕೊಳ್ಳಿ. ಮರಳಿನ ಮೇಲೆ ಕಾಯಲು ಗೈಡ್‌ಗೆ ಹೆಚ್ಚು ಹೊತ್ತು ಬೇಕು, ಅದಕ್ಕೆ ಸ್ವಲ್ಪ ಜಾಸ್ತಿ ಕೊಡುವುದು ನ್ಯಾಯ. ನಾನು ಕೊಟ್ಟೆ, ಸಂತೋಷವಾಗಿ ಕೊಟ್ಟೆ. ಜೀವಂತ ಮೀನು ತೋರಿಸಿ ಮನೆ ನಡೆಯುತ್ತದೆ ಅಂತಾದರೆ ಊರಿನವರಿಗೆ ಅದನ್ನು ಉಳಿಸಲು ಒಂದು ಕಾರಣ ಸಿಗುತ್ತದೆ. ರಾತ್ರಿ ಕದ್ದು ಉದ್ಯಾನದ ನೀರಿಗೆ ಬಲೆ ಬಿಡುವವರು ಈಗಲೂ ಇದ್ದಾರೆ. ಅದನ್ನು ತಡೆಯಲು ಸ್ಟುವರ್ಟ್ ಗ್ರಾಂಟ್ ಹೆಸರಿನ ಸಿಕ್ಲಿಡ್ ಸಂರಕ್ಷಣಾ ನಿಧಿಯವರು ಬಲೆ ಸಿಕ್ಕಿಹಾಕಿಕೊಳ್ಳುವಂಥ ಅಡ್ಡಗಳನ್ನು ನೀರಿನ ತಳಕ್ಕೆ ಇಳಿಸಿದ್ದಾರೆ. ಗ್ರಾಂಟ್ ಇದೇ ಸರೋವರದಿಂದ ಅಕ್ವೇರಿಯಂ ಮೀನು ರಫ್ತು ಮಾಡುತ್ತಿದ್ದವರು.

ಆರೋಗ್ಯದ ಒಂದು ಮಾತನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಈ ನೀರಿನಲ್ಲಿ ಬಿಲ್ಹಾರ್ಜಿಯಾ ಇದೆ. ಬಸವನಹುಳುವಿನಿಂದ ಹೊರಬಂದ ಸೂಕ್ಷ್ಮ ಹುಳ ಚರ್ಮದ ಮೂಲಕ ಮೈಗೆ ಸೇರುತ್ತದೆ. ಇದಕ್ಕೂ ಸಿಕ್ಲಿಡ್‌ಗೂ ಸಂಬಂಧ ಇದೆ. ಟ್ರೆಮಟೊಕ್ರಾನಸ್ ಪ್ಲಾಕೊಡಾನ್ ಅನ್ನುವ ಸಿಕ್ಲಿಡ್ ಬಸವನಹುಳುವನ್ನೇ ಗಂಟಲ ದವಡೆಯಲ್ಲಿ ಪುಡಿ ಮಾಡಿ ತಿನ್ನುತ್ತದೆ. ದಂಡೆಯ ಹತ್ತಿರ ಎಳೆಬಲೆ ಹಾಕಿ ಆ ಮೀನನ್ನು ಬಾಚಿದ ಮೇಲೆ ಬಸವನಹುಳುಗಳು ಹೆಚ್ಚಿದವು, ಕೇಪ್ ಮೆಕ್ಲಿಯರ್‌ನಲ್ಲಿ ಕಾಯಿಲೆಯೂ ಹೆಚ್ಚಿತು ಅನ್ನುವುದನ್ನು ಇಲ್ಲಿ ಕೆಲಸ ಮಾಡಿದ ಸಂಶೋಧಕರು ತೋರಿಸಿದ್ದಾರೆ. ಔಷಧಿ ಪ್ರಾಜಿಕ್ವಾಂಟೆಲ್. ಅದು ಬೆಳೆದ ಹುಳಗಳ ಮೇಲೆ ಮಾತ್ರ ಸರಿಯಾಗಿ ಕೆಲಸ ಮಾಡುವುದರಿಂದ ನೀರಿಗಿಳಿದ ಮರುದಿನವೇ ನುಂಗಿ ಪ್ರಯೋಜನ ಇಲ್ಲ. ಕೆಲವು ವಾರ ಬಿಟ್ಟು ಡಾಕ್ಟರ ಹತ್ತಿರ ಹೋಗಿ, ಮಲಾವಿಯಲ್ಲಿ ಈಜಿದ್ದೆ ಅಂತ ಹೇಳಿ. ಊರಿಗೆ ರಜೆಗೆ ಹೋದಾಗ ನಮ್ಮ ಕಡೆಯ ಡಾಕ್ಟರಿಗೆ ಇದನ್ನು ಬಿಡಿಸಿ ಹೇಳಬೇಕಾಗಬಹುದು, ಕರ್ನಾಟಕದಲ್ಲಿ ಅವರಿಗೆ ಈ ಕಾಯಿಲೆ ದಿನಾ ಕಾಣುವಂಥದ್ದಲ್ಲ.

ಬೆಂಗಳೂರಲ್ಲಿ ತೊಟ್ಟಿ ಇಟ್ಟಿರುವ ಸ್ನೇಹಿತರು ಈ ಮೀನು ಕೊಳ್ಳಬಹುದಾ ಅಂತ ಕೇಳುತ್ತಾರೆ. ಅಂಗಡಿಯಲ್ಲಿ ಎರಡಿಂಚಿನ ಮರಿ ಸಿಗುತ್ತದೆ, ಮುದ್ದಾಗಿರುತ್ತದೆ. ಅದು ಗೇಣು ದಾಟಿ ಬೆಳೆಯುತ್ತದೆ, ಬಾಯಿಗೆ ಹಿಡಿಸುವ ಮೀನನ್ನೆಲ್ಲ ತಿನ್ನುತ್ತದೆ. ಎರಡಡಿ ಮೂರಡಿ ತೊಟ್ಟಿಗೆ ತರಬೇಡಿ. ಆರಡಿ ತೊಟ್ಟಿ, ಅಗಲವಾದ ಮರಳಿನ ತಳ, ಅದರಷ್ಟೇ ದೊಡ್ಡ ಜೊತೆಗಾರರು ಇದ್ದರೆ ಮಾತ್ರ ಯೋಚಿಸಿ. ಹೊತ್ತಿಗೆ ಸರಿಯಾಗಿ ತಿಂಡಿ ಬೀಳುವ ತೊಟ್ಟಿಯಲ್ಲಿ ಅದು ಆ ಬೇಟೆಯನ್ನು ತೋರಿಸುವುದೂ ಅಪರೂಪ. ಸಾಕಲಾರದೆ ಕೆರೆಗೆ ಬಿಡುವುದಂತೂ ಕೂಡದು. ಜಿಲೇಬಿ ಮೀನು ನಮ್ಮ ಕೆರೆಗಳಲ್ಲಿ ಹೇಗೆ ತುಂಬಿಕೊಂಡಿತು ಅಂತ ಎಲ್ಲರೂ ನೋಡಿದ್ದೇವೆ.

ಯಾವಾಗ ಹೋಗಬೇಕು ಅಂದರೆ, ಮೇ ತಿಂಗಳಿಂದ ಆಗಸ್ಟ್‌ವರೆಗೆ ದಕ್ಷಿಣದಿಂದ ಮ್ವೇರಾ ಗಾಳಿ ಬೀಸುತ್ತದೆ, ನೀರು ಕಲಕುತ್ತದೆ, ದೋಣಿ ಎದ್ದು ಬೀಳುತ್ತದೆ. ಸೆಪ್ಟೆಂಬರ್ ಕೊನೆಯಿಂದ ಮಳೆ ಹಿಡಿಯುವವರೆಗೆ ಒಳ್ಳೆಯದು. ಬೆಳಗ್ಗೆ ಬೇಗ ಹೊರಡಿ, ಮಧ್ಯಾಹ್ನದ ಮೇಲೆ ಗಾಳಿ ಏಳುತ್ತದೆ. ಬೆನ್ನಿಗೆ ಪೂರ್ತಿ ತೋಳಿನ ಈಜು ಅಂಗಿ ಇರಲಿ, ಗಂಟೆಗಟ್ಟಲೆ ಕವುಚಿ ತೇಲಬೇಕು. ಮಾಸ್ಕ್ ನಿಮ್ಮದೇ ತನ್ನಿ.

ಈ ಅಕ್ಟೋಬರ್‌ಗೆ ಅದೇ ಗೈಡ್‌ಗೆ ಹೇಳಿಟ್ಟಿದ್ದೇನೆ. ಈ ಸಲ ಕೇಳಿರುವುದು ಲಿನ್ನಿ. ಬಂಡೆ ಬುಡದಲ್ಲಿ ಅದು ನಿಲ್ಲುವ ಸಂದುಗಳು ಗೊತ್ತು, ಆದರೆ ಇನ್ನೂ ಜಾಸ್ತಿ ಕಾಯಬೇಕು ಅಂದಿದ್ದಾರೆ. ಏಣಿ ಮಾಡಿಸಲು ಹೆಂಡತಿ ಮುಂಗಡ ಕೊಟ್ಟು ಬಂದಿದ್ದಾಳೆ. ಬ್ಲಾಂಟೈರ್, ಲಿಲೋಂಗ್ವೆ ಕಡೆ ಇರುವ ಕನ್ನಡದವರು ಯಾರಾದರೂ ಬರುವುದಿದ್ದರೆ ತಿಳಿಸಿ, ದೋಣಿಯಲ್ಲಿ ಇನ್ನಿಬ್ಬರಿಗೆ ಜಾಗ ಇದೆ.